ಮೂಗೆಲ್ಲಿದೆ ತೋರ್ಸಿ

ದಟ್ಟಗಳ್ಳಿಯ ನಮ್ಮ ಎದುರುಮನೆಯ ಫೋಟೋಗ್ರಾಫರ್ ಮೇಡಂ ಸಿಟ್ಟು ಬಂದಾಗ ಮೊದಲು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು. ಆಮೇಲೆ, "ಸರಿಯಾಗಿ ನೋಡ್ರೀ" ಎನ್ನುತ್ತಿದ್ದರು.

ಒಮ್ಮೆ ನಸುಕಿನಲ್ಲಿ ಬೀದಿಯಿಂದ ಸ್ಕೂಟರ್ ಕಳುವಾಯಿತು. ಬಡಾವಣೆ ಸಂಘದ ಅಧ್ಯಕ್ಷರು ಸಿಸಿಟಿವಿ ಚಿತ್ರವನ್ನು ಬೋರ್ಡಿಗೆ ಅಂಟಿಸಿ, "ಇವನೇ ಕಣ್ರೀ ಕಳ್ಳ" ಎಂದು ದಿನವೂ ಬೀದಿಗೆ ಬರುವ ಸೊಪ್ಪಿನ ಗಾಡಿಯವರತ್ತ ಬೆರಳು ಮಾಡಿದರು.

ಮೇಡಂ ಕನ್ನಡಕ ಒರೆಸಿದರು. "ಸರಿಯಾಗಿ ನೋಡ್ರೀ! ಈ ಕ್ಯಾಮೆರಾದಲ್ಲಿ ಬೆಳಕು ಹಿಡಿಯೋ ಸೆನ್ಸರ್ ಅಕ್ಕಿಕಾಳಷ್ಟಿರುತ್ತೆ. ಕತ್ಲಲ್ಲಿ ಅದಕ್ಕೆ ಸಿಗೋ ಬೆಳಕೇ ಒಂಚೂರು. ಅದನ್ನೇ ಜಗ್ಗಿ ಜಾಸ್ತಿ ಮಾಡಿದ್ರೆ ಹಿಂಗೆ ಬರೀ ಚುಕ್ಕೆ ಬರುತ್ತೆ. ದೊಡ್ಡ ಸೆನ್ಸರ್ ಆಗಿದ್ರೆ ಮುಖ ಕಾಣೋದು. ಇದ್ರಲ್ಲಿ ಮೂಗೆಲ್ಲಿದೆ, ತೋರ್ಸಿ!"

"ಆದ್ರೂ ಇವನ ಹಂಗೇ ಕಾಣುತ್ತಲ್ಲ ಮೇಡಂ" ಎಂದರು ಅಧ್ಯಕ್ಷರು.

"ನಿಮ್ಮ ಹಂಗೂ ಕಾಣುತ್ತೆ!" ಎಂದವರೇ ಚಿತ್ರವನ್ನು ಪರ್ರನೆ ಹರಿದುಹಾಕಿದರು.

ಅಧ್ಯಕ್ಷರು ಕ್ಷಮೆ ಕೇಳಲಿಲ್ಲ. ಗಾಡಿಯವರು ಮತ್ತೆಂದೂ ನಮ್ಮ ಬೀದಿಗೆ ಕಾಲಿಡಲಿಲ್ಲ.