ಕಾವಲುಗಾರರ ದನಿ

ನನ್ನ ತಂಗಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಒಬ್ಬಳೇ ಕೂತು ಒಂದು ಕಂಪ್ಯೂಟರ್ ಆಟ ಮಾಡಿದಳು. ಬಂದೂಕಿನ ಆಟ. ಪರದೆಯ ಮೇಲೆ ಆಡುವವರ ಎರಡು ಕೈ ಮತ್ತು ಬಂದೂಕಿನ ತುದಿ ಮಾತ್ರ ಕಾಣುತ್ತದೆ. ಉಳಿದದ್ದೆಲ್ಲ ನಾವು ನಡೆದ ಹಾಗೆ ಎದುರಿಗೆ ಬರುತ್ತದೆ. ಜಾಗ ಸೂರತ್ತಿನ ಉಧ್ನಾದಲ್ಲಿರುವಂಥ ಒಂದು ಮಗ್ಗದ ಕಾರ್ಖಾನೆ. ನಮ್ಮ ಮನೆ, ಅಪ್ಪನ ಹೋಟೆಲು ಎರಡೂ ಅಲ್ಲೇ ಇದ್ದವು. ಕಾವಲುಗಾರರನ್ನು ಹೊಡೆಯುತ್ತ ಮೂರನೆಯ ಮಹಡಿ ತಲುಪಬೇಕು. ಕಾವಲುಗಾರರಿಗೆಲ್ಲ ಒಂದೇ ದನಿ, ಅಪ್ಪನದು.

ಅಪ್ಪ ತೀರಿಕೊಂಡು ಇನ್ನೇನು ವರ್ಷವಾಗುತ್ತದೆ. ಫೋಟೊಗಳು ಬೇಕಾದಷ್ಟಿವೆ. ದನಿ ಇರುವುದು ಈ ಆಟದಲ್ಲಿ ಮಾತ್ರ. ಹಾಗಾಗಿ ವಡೋದರಾದ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಾನು ಇದನ್ನು ಆಡುತ್ತೇನೆ. ಅಪ್ಪನ ದನಿ ಕೇಳಬೇಕಾದರೆ ಬಂದೂಕು ಹಿಡಿದು ಹತ್ತಿರ ಹೋಗಲೇಬೇಕು.

ಆಟ ಚೆನ್ನಾಗಿಲ್ಲ ಎನ್ನಲಾರೆ. ಮಗ್ಗಗಳ ಸದ್ದನ್ನು ತಂಗಿ ನಿಜವಾದ ಕಾರ್ಖಾನೆಯಿಂದಲೇ ತಂದಿದ್ದಳು. ಮಗ್ಗ ಓಡುವಾಗ ನಮ್ಮ ಹೆಜ್ಜೆ ಯಾರಿಗೂ ಕೇಳಿಸದು. ಅದು ನಿಂತರೆ ನಾವೂ ನಿಲ್ಲಬೇಕು. ಉಸಿರು ಬಿಗಿಹಿಡಿದು ಕೂರುವಂಥ ಉಪಾಯ. ಆದರೆ ಬಂದೂಕಿನ ಗುರಿ ತಾನಾಗಿ ಎಡಕ್ಕೆ ಜಾರುತ್ತದೆ. ಎರಡನೆಯ ಮೆಟ್ಟಿಲ ಸಾಲಿನಲ್ಲಿ ಕಾಲಿಟ್ಟರೆ ಒಮ್ಮೊಮ್ಮೆ ನೆಲವೇ ಇಲ್ಲವಾಗಿ ಕೆಳಕ್ಕೆ ಬೀಳುತ್ತಲೇ ಇರುತ್ತೇವೆ, ಎಲ್ಲ ಮೊದಲಿನಿಂದ ಶುರುಮಾಡಬೇಕು. ಮೊದಲ ಸಲ ಆಡಿದಾಗ ಇನ್ನೊಂದು ಕೊರತೆ ಇತ್ತು. ಗುಂಡು ತಗುಲಿದ ಕಾವಲುಗಾರ ತಂತಿಯಿಂದ ಜಾರಿದ ಬಟ್ಟೆಯ ಹಾಗೆ ಸದ್ದಿಲ್ಲದೆ ಕುಸಿಯುತ್ತಿದ್ದ. ಬಿದ್ದನೋ ಅಡಗಿದನೋ ತಿಳಿಯುತ್ತಿರಲಿಲ್ಲ. ಈಗ ಅವನು ‘ಅಯ್ಯಮ್ಮಾ’ ಎಂದು ನರಳುತ್ತಾನೆ. ಅದು ಕೇಳಿದೊಡನೆ ನನ್ನ ಕೈ ನಿಂತುಬಿಡುತ್ತದೆ.

ದನಿ ಹಿಡಿದ ದಿನ ನನ್ನ ನೆನಪಿನಲ್ಲಿರುವುದು ಹೀಗೆ. ಮಧ್ಯಾಹ್ನದ ಊಟದ ಗಿರಾಕಿಗಳು ಮುಗಿದ ಮೇಲೆ ಅಪ್ಪ ಮನೆಗೆ ಬಂದಿದ್ದರು. ಫ್ಯಾನಿನ ಸದ್ದು ಬರಬಾರದೆಂದು ತಂಗಿ ಬಟ್ಟೆಯ ಕಪಾಟಿನೊಳಗೆ ಫೋನಿಟ್ಟು ಅಪ್ಪನ ತಲೆಯನ್ನೂ ಅಲ್ಲಿಗೇ ತೂರಿಸಿದ್ದಳು. “ಹೋಯ್, ಯಾರದು ಅಲ್ಲಿ?” ಎಂದು ಅಪ್ಪ ಹತ್ತು ಬಗೆಯಲ್ಲಿ ಹೇಳಿದರು. ಬೇರೆ ಏನಾದರೂ ಹೇಳಿ ಎಂದಳು ತಂಗಿ.

“ಕಾವಲಿನವ ಮತ್ತೆಂತ ಕೇಳ್ತಾನೆ? ಊಟ ಆಯ್ತಾ ಅಂತ ಕೇಳ್ಲಾ?”

ಅವಳು ಅದನ್ನೂ ಆಟಕ್ಕೆ ಸೇರಿಸಿದಳು.

ಸಾಯುವ ಸದ್ದು ಬೇಕು ಎಂದಾಗ ಅಪ್ಪ ಕಪಾಟಿನಿಂದ ತಲೆ ಹೊರಗೆ ತೆಗೆದರು. “ಅದೊಂದು ಬೇಡ. ಅಸ್ತು ದೇವತೆಗಳು ತಿರುಗ್ತಾ ಇರ್ತಾರೆ. ನಾವು ಬಾಯಲ್ಲಿ ಎಂತ ಆಡ್ತೇವೋ ಅದಕ್ಕೆ ಅಸ್ತು ಅಂದುಬಿಡ್ತಾರೆ.”

“ಆಟಕ್ಕೂ ಅಸ್ತು ಅಂತಾರಾ ಅಪ್ಪ? ಅವರಿಗೆ ಬೇರೆ ಕೆಲಸ ಇಲ್ವಾ?” ಎಂದೆ ನಾನು.

“ನಿನ್ನ ಎಂ.ಎ. ನಿನ್ನ ಹತ್ರವೇ ಇರ್ಲಿ ಮಾರಾಯ್ತಿ.”

ನಾನು ಬಿಡಲಿಲ್ಲ. ಕೊನೆಗೆ ಅಪ್ಪ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು ಆ ಸದ್ದು ಮಾಡಿದರು. ಐದು ತಿಂಗಳಿಗೆ ಎದೆನೋವು ಬಂತು, ಹೋದರು. ಅಸ್ತು ದೇವತೆಗಳಲ್ಲಿ ನನಗೆ ಆಗಲೂ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಅಪ್ಪನಿಗೆ ಇತ್ತು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರಿಗೆ ಆ ಕಪಾಟು ನೆನಪಾಗಿತ್ತೇ ಎಂಬುದೊಂದೇ ನನ್ನನ್ನು ಕೊರೆಯುತ್ತಿದ್ದುದು.

ಆ ದಿನದ ಡೈರಿ ತೆಗೆದು ನೋಡಿದೆ. ಆಟದ ತಪ್ಪುಗಳ ಪಟ್ಟಿ ಇದೆ. ಗುರಿ ಜಾರುತ್ತದೆ, ಮೆಟ್ಟಿಲು ಸರಿಯಿಲ್ಲ. ಕೆಳಗೆ ನನ್ನದೇ ಅಕ್ಷರದಲ್ಲಿ, ‘ಸಾಯುವ ಸದ್ದು ಬೇಕೇ ಬೇಕು’. ಅಪ್ಪನ ಬಗ್ಗೆ ಒಂದು ಸಾಲೂ ಇಲ್ಲ.

ಕಳೆದ ವಾರ ಅಹಮದಾಬಾದಿನಲ್ಲಿರುವ ತಂಗಿಗೆ ಫೋನು ಮಾಡಿದೆ.

“ಇನ್ನೂ ಅದು ಆಡ್ತೀಯಾ ಅಕ್ಕ? ಮೆಟ್ಟಿಲಿನ ಬಗ್ ಹಾಗೇ ಇದೆ ಅದರಲ್ಲಿ,” ಎಂದು ನಕ್ಕಳು.

ಅಪ್ಪನಿಂದ ಸಾಯುವ ಸದ್ದು ಮಾಡಿಸಿದ್ದು ನಾನೇ ಅಲ್ಲವಾ ಎಂದು ಕೇಳಿದೆ.

“ಅರೆ, ಅದು ಅಪ್ಪ ಅಲ್ಲ. ಅಪ್ಪ ಮಾಡ್ಲೇ ಇಲ್ಲ. ಅದು ನಾನು, ಆಮೇಲೆ ಕಂಪ್ಯೂಟರಲ್ಲಿ ವಾಯ್ಸ್ ದಪ್ಪ ಮಾಡಿದ್ದು. ನೀನು ಅವತ್ತು ಬಹುತ್ ಮಾತಾಡಿದೆ. ಅಪ್ಪ ಸುಮ್ನೆ ಚಪ್ಪಲ್ ಹಾಕ್ಕೊಂಡು ಹೋಟೆಲಿಗೆ ಹೋದ್ರು. ಚಹಾ ಭೀ ಕುಡೀಲಿಲ್ಲ.”

ನನಗೆ ಹಗುರಾಗಬೇಕಿತ್ತು. ಅಪ್ಪ ತಮ್ಮ ಮಾತಿಗೆ ನಿಂತಿದ್ದರು. ಹಾಗಾದರೆ ಮುಚ್ಚಿದ ಆ ಕಣ್ಣು, ಎದೆಯ ಮೇಲಿನ ಕೈ ನಾನು ನೋಡಿದ್ದು ಎಲ್ಲಿ? ಚಹಾ ಕುಡಿಯದೆ ಹೋದದ್ದು ನಿಜವಾಗಿ ನಡೆದದ್ದು, ಅದೇ ನನಗೆ ನೆನಪಿಲ್ಲ. ಅದಕ್ಕಿಂತ ಹೆಚ್ಚಾಗಿ, ಇಷ್ಟು ದಿನ ತಂಗಿಯ ದನಿಯನ್ನು ಅಪ್ಪನದೆಂದುಕೊಂಡು ಅತ್ತಿದ್ದೆ.

“ಮತ್ತೆ ‘ಯಾರದು ಅಲ್ಲಿ’ ಅನ್ನೋದು?” ಎಂದೆ.

“ಅದು ಅಪ್ಪನೇ.”

“ಎಲ್ಲವೂ?”

“ಎರಡು ಮೂರು ನಾನು ಮಾಡಿದ್ದು ಇರ್ಬೇಕು. ಅಪ್ಪಂದು ಕ್ಲಿಯರ್ ಬಂದಿರ್ಲಿಲ್ಲ. ಯಾವ್ದು ಅಂತ ಈಗ ಯಾದ್ ಇಲ್ಲ ಅಕ್ಕ.”

ಈ ಭಾನುವಾರ ಮತ್ತೆ ಆಡಿದೆ. ಪ್ರತಿಯೊಬ್ಬ ಕಾವಲುಗಾರನ ಎದುರಿಗೂ ಅವನು ಮಾತು ಮುಗಿಸುವವರೆಗೆ ಗುಂಡು ಹಾರಿಸದೆ ನಿಂತೆ, ಕಿವಿಗೊಟ್ಟು. ಅವರು ಕಾಯುವುದಿಲ್ಲ. ಏಳು ಸಲ ಸತ್ತೆ. ಒಂದು ಸಲವೂ ಇದು ಅಪ್ಪ ಎಂದು ಖಚಿತವಾಗಿ ಹೇಳಲಾಗಲಿಲ್ಲ.