ಕೊಬ್ಬರಿ ಎಣ್ಣೆಯ ಗಾಡಿ

ಇಂದು ಬೆಳಿಗ್ಗೆ ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳೋಣವೆಂದು ಕೊಬ್ಬರಿ ಎಣ್ಣೆಯ ಬಾಟಲಿ ಬಗ್ಗಿಸಿದೆ. ಒಂದು ಹನಿಯೂ ಬೀಳಲಿಲ್ಲ. ರೋಣದ ಚಳಿಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ತಲೆಗೆ ಎಣ್ಣೆ ಹಚ್ಚುವ ಅಗತ್ಯವನ್ನು ನನ್ನ ತಲೆಯೇ ಬಹಳ ಹಿಂದೆ ಮುಗಿಸಿಬಿಟ್ಟಿದ್ದರಿಂದ ಈ ಬಾಟಲಿಗೂ ನನಗೂ ಅಷ್ಟಾಗಿ ಒಡನಾಟವಿಲ್ಲ. ಕುಲುಕಿದೆ, ಹಿಂಡಿದೆ, ಬೈದೆ. ಹೆಂಡತಿ ಅಡುಗೆಮನೆಯಿಂದಲೇ, "ಬಿಸಲಿಗಿಡ್ರಿ, ತಾನ ಕರಗತೈತಿ. ಅದಕ್ಯಾಕ ಬೈತೀರಿ?" ಎಂದಳು. ಕಟ್ಟೆಯ ಮೇಲೆ ಬಾಟಲಿ ಇಟ್ಟು ಎದುರಿಗೆ ಕೂತೆ. ಅಂಚು ಕರಗಿ, ನಡುವಿನ ಬಿಳಿ ಗಡ್ಡೆ ಮೆಲ್ಲಗೆ ಅಲ್ಲಾಡಿತು. ಆ ವಾಸನೆ ಮೂಗಿಗೆ ಬಂತು. ನನಗೆ ನೆನಪಾದದ್ದು ಒಂದು ರಿಮೋಟ್ ಗಾಡಿ, ಅದರ ಹಿಂದೆಯೇ ಗಜೇಂದ್ರಗಡದ ದಸ್ತಗೀರ್ ಭಾಯಿ.

ನೀವು ನಗುತ್ತೀರಿ, ಗೊತ್ತು. ನಲವತ್ತು ದಾಟಿದ ಇಬ್ಬರು ಗಂಡಸರು ಆಟಿಕೆಯ ಬೆನ್ನು ಹತ್ತಿದರೆ ನಗದೆ ಇನ್ನೇನು ಮಾಡುತ್ತಾರೆ! ಆದರೆ ಅದು ಆಟಿಕೆಯಾಗಿರಲಿಲ್ಲ, ರೇಸಿನ ಗಾಡಿ. ಆಗ ನಾನು ಗಜೇಂದ್ರಗಡದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮೊಬೈಲ್ ಫೋನು ಇನ್ನೂ ಅಂಗಿಯ ಜೇಬನ್ನು ಜೋತಾಡಿಸುತ್ತಿದ್ದ ಕಾಲ. ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ಹೆಂಡತಿಯ ತಮ್ಮ ನಮ್ಮ ಮಗನಿಗೆಂದು ಯಾವುದೋ ದೇಶದಿಂದ ಅದನ್ನು ತಂದುಕೊಟ್ಟಿದ್ದ. ಒಂದು ಮೊಳದಷ್ಟು ಉದ್ದ, ಮುಳ್ಳುಮುಳ್ಳಾದ ಟೈರು. ನಾಲ್ಕು ಗಾಲಿಗೂ ಒಂದೊಂದು ಸ್ಪ್ರಿಂಗು, ಪ್ರತಿ ಸ್ಪ್ರಿಂಗಿನೊಳಗೆ ಎಣ್ಣೆ ತುಂಬಿದ ಬೆರಳುದ್ದದ ಕೊಳವೆ. ಮೋಟರ್‌ಸೈಕಲ್ಲಿನ ಶಾಕ್ ಅಬ್ಸಾರ್ಬರಿನ ಮರಿ ಎಂದುಕೊಳ್ಳಿ. ಮಗ ಎರಡು ದಿನ ಓಡಿಸಿ ಕ್ರಿಕೆಟ್ಟಿಗೆ ಮರಳಿದ. ನಾನು ಮರಳಲಿಲ್ಲ.

ಗಾಡಿ ಜೋರಾಗಿಯೇ ಓಡುತ್ತಿತ್ತು. ಆದರೆ ತಿರುವು ಬಂದರೆ ಅದರ ಹಿಂಭಾಗ ಗರಕ್ಕನೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತುಬಿಡುತ್ತಿತ್ತು. ದಿಬ್ಬ ಹಾರಿದರೆ ಮೂಗು ಕುಟ್ಟಿಕೊಂಡು ಮಗುಚುತ್ತಿತ್ತು. ನಾನು ಒಂದೇ ಸಂಜೆಯಲ್ಲಿ ನಾಲ್ಕೂ ಸ್ಪ್ರಿಂಗು ಬಿಗಿ ಮಾಡಿದೆ, ಮುಂದಿನ ಗಾಲಿಗಳನ್ನು ಒಳಕ್ಕೆ ತಿರುಗಿಸಿದೆ, ಹಿಂದಿನವನ್ನು ವಾಲಿಸಿದೆ, ಬ್ಯಾಟರಿ ಸರಿಸಿದೆ. ಆಮೇಲೆ ಅದು ನೇರ ದಾರಿಯಲ್ಲೂ ತಿರುಗತೊಡಗಿತು.

ನಮ್ಮದು ಮಗ್ಗದವರ ಓಣಿ. ಎದುರು ಮನೆಯ ನೇಕಾರ ದಸ್ತಗೀರ್ ಭಾಯಿ ಕಿಟಕಿಯಿಂದ ನನ್ನ ಈ ಅವತಾರವನ್ನೆಲ್ಲ ನೋಡುತ್ತಿದ್ದರು. ಒಂದು ದಿನ ಮಗ್ಗ ಬಿಟ್ಟು ಎದ್ದು ಬಂದರು.

"ಸರ್ರ, ಸಿಟ್ಟಾಗಬ್ಯಾಡ್ರಿ. ನೀವು ಒಮ್ಮೆಲೇ ಐದು ಕಡೆ ಕೈ ಹಾಕಿದ್ರ ಯಾವುದು ಕೆಡಿಸ್ತು ಅಂತ ಹ್ಯಾಂಗ ತಿಳೀಬೇಕು? ಮಗ್ಗಾ ಜಗ್ಗಿದ್ರ ನಾವು ಒಂದ ದಾರಾ ಸಡ್ಲ ಮಾಡ್ತೀವಿ, ಗೇಣು ನೇಯ್ತೀವಿ, ನೋಡ್ತೀವಿ. ಆಮ್ಯಾಲ ಇನ್ನೊಂದು."

ಅಲ್ಲಿಂದ ನನ್ನ ಭಾನುವಾರಗಳು ಮುಗಿದವು. ಗುಡ್ಡದ ಕೆಳಗಿನ ಬಯಲಿನಲ್ಲಿ ಮಧ್ಯಾಹ್ನದ ಬಿಸಿಲು. ದಸ್ತಗೀರ್ ಭಾಯಿ ಒಂದು ಸ್ಪ್ರಿಂಗನ್ನು ಅರ್ಧ ಸುತ್ತು ಸಡಿಲಿಸುತ್ತಾರೆ. ನಾನು ಗಾಡಿಯನ್ನು ಒಂದು ಸುತ್ತು ಓಡಿಸುತ್ತೇನೆ. ಅವರು ಕುಕ್ಕರುಗಾಲಿನಲ್ಲಿ ಕೂತು ಮಣ್ಣಿನ ಮೇಲಿನ ಗಾಲಿಯ ಗೆರೆಯನ್ನು ನೋಡುತ್ತಾರೆ, ಬೆರಳಿನಿಂದ ಮುಟ್ಟುತ್ತಾರೆ, ಆಕಾಶ ನೋಡುತ್ತಾರೆ. ನಾನು ಹಲ್ಲು ಕಡಿಯುತ್ತೇನೆ. "ಇನ್ನೊಂದ ಪಾವು ಸುತ್ತು, ಸರ್ರ." ಇಡೀ ಭಾನುವಾರ ಒಂದು ಸ್ಪ್ರಿಂಗು! ಮುಂದಿನ ಭಾನುವಾರ ಎರಡನೆಯದು. ನಾನು ಎಷ್ಟೋ ಸಲ ರಿಮೋಟನ್ನು ಮಣ್ಣಿಗೆ ಬಿಸಾಡಿ ಚಹಾದ ಅಂಗಡಿಗೆ ಹೋಗಿಬಿಟ್ಟಿದ್ದೇನೆ. ತಿರುಗಿ ಬಂದರೆ ಆ ಮನುಷ್ಯ ಅದೇ ಗೆರೆಯ ಮುಂದೆ ಹಾಗೆಯೇ ಕೂತಿರುತ್ತಿದ್ದರು. ಆ ತಾಳ್ಮೆಯನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಹೇಳಿಬಿಡುತ್ತೇನೆ, ಗಾಡಿ ಸುಧಾರಿಸಿತು. ಹಿಂದಿನ ಸ್ಪ್ರಿಂಗು ಮೆತ್ತಗಾದಂತೆ ಹಿಂದಿನ ಗಾಲಿಗಳು ಮಣ್ಣನ್ನು ಹಿಡಿದುಕೊಂಡವು, ತಿರುವಿನಲ್ಲಿ ಗರಗರ ತಿರುಗುವುದು ನಿಂತಿತು. ಅಷ್ಟರಲ್ಲಿ ಶಾಕಿನ ಎಣ್ಣೆ ಸೋರಿ ಹೋಯಿತು. ಆ ಎಣ್ಣೆ ಹುಬ್ಬಳ್ಳಿಯಲ್ಲಿ ಹುಡುಕಿದರೂ ಸಿಗಲಿಲ್ಲ. ನಾನು ಮನೆಯ ಕೊಬ್ಬರಿ ಎಣ್ಣೆ ತಂದು ತುಂಬಿದೆ.

"ಈ ಎಣ್ಣಿ ನಡದೀತೇನ್ರಿ ಸರ್ರ?" ಎಂದರು ದಸ್ತಗೀರ್ ಭಾಯಿ.

"ನಡೀತೈತಿ. ಜಿಡ್ಡು ಅಂದ್ರ ಜಿಡ್ಡು. ವಿಜ್ಞಾನ ನನಗ ಬಿಡ್ರಿ," ಎಂದೆ.

ಎಣ್ಣೆ ಸ್ವಲ್ಪ ತೆಳುವಾಯಿತು, ಗಾಡಿ ಪುಟಿಯತೊಡಗಿತು. ಅವರು ಒಡೆದ ಬಕೆಟ್ಟಿನ ಪ್ಲಾಸ್ಟಿಕ್ಕಿನಿಂದ ಕಡಲೆಗಿಂತ ಚಿಕ್ಕ ಬಿಲ್ಲೆಗಳನ್ನು ಕತ್ತರಿಸಿ, ಕಾಯಿಸಿದ ಸೂಜಿಯಿಂದ ಸಣ್ಣ ತೂತು ಹೊಡೆದು ಶಾಕಿನೊಳಗೆ ಕೂರಿಸಿದರು. ತೂತು ಸಣ್ಣದಾದರೆ ಎಣ್ಣೆ ನಿಧಾನ ಹರಿಯುತ್ತದೆ, ಗಾಡಿ ಪುಟಿಯುವುದಿಲ್ಲ. ಪುಸ್ತಕದಲ್ಲಿ ಓದಿದವನು ನಾನು, ಮಾಡಿದವರು ಅವರು. ಮೂರು ಭಾನುವಾರ ಕಳೆದ ಮೇಲೆ ಗಾಡಿ ದಿಬ್ಬ ಹಾರಿ ಬೆಕ್ಕಿನಂತೆ ಇಳಿಯಿತು. ಅವರು ಮೊದಲ ಸಲ ಚಪ್ಪಾಳೆ ತಟ್ಟಿದರು.

ಹುಬ್ಬಳ್ಳಿಯ ಕೆಲವು ಹವ್ಯಾಸಿಗಳು ನರಗುಂದದ ಗುಡ್ಡದ ಬುಡದಲ್ಲಿ ಇಂಥ ಗಾಡಿಗಳ ರೇಸು ಇಟ್ಟಿದ್ದಾರೆಂದು ತಿಳಿದದ್ದು ಆಗಲೇ. ದಸ್ತಗೀರ್ ಭಾಯಿಯ ಮಗಳನ್ನು ಅದೇ ನರಗುಂದಕ್ಕೆ ಕೊಟ್ಟು ಇನ್ನೂ ಆರು ತಿಂಗಳಾಗಿರಲಿಲ್ಲ. "ನಮ್ಮ ಬೀಗರಿಗೂ ಬರಾಕ ಹೇಳೀನ್ರಿ ಸರ್ರ. ನಾ ಬರೇ ಸೀರಿ ನೇಯಾವ ಅಲ್ಲ ಅಂತ ಅವರೂ ನೋಡ್ಲಿ," ಎಂದರು. ಏನನ್ನೂ ಕೊಚ್ಚಿಕೊಳ್ಳದ ಮನುಷ್ಯ ಹಾಗೆ ಹೇಳಿದಾಗ ಅವರ ಮುಖ ಎಷ್ಟು ಅರಳಿತ್ತೆಂದರೆ, ನಾನು ಒಂದು ವಾರ ಅವರಿಗೆ ರೇಗಲಿಲ್ಲ.

ರೇಸು ಬೆಳಿಗ್ಗೆ ಎಂಟಕ್ಕೆ. ಹತ್ತಕ್ಕೆ ಕ್ರಿಕೆಟ್ಟಿನವರಿಗೆ ಮೈದಾನ ಬಿಟ್ಟುಕೊಡಬೇಕಿತ್ತಂತೆ. ಸಂಕ್ರಾಂತಿಗೆ ಮುಂಚಿನ ಚಳಿ. ಮೊದಲ ಬಸ್ಸಿನ ಕಿಟಕಿಗೆ ಗಾಜಿಲ್ಲ. ಗಾಡಿಯನ್ನು ಕೈಚೀಲದಲ್ಲಿ ತೊಡೆಯ ಮೇಲಿಟ್ಟುಕೊಂಡು ನಡುಗುತ್ತ ಹೋದೆವು. ನನ್ನ ಶಾಲೆಯ ನಾಲ್ಕು ಹುಡುಗರೂ ನೋಡಲು ಬಂದಿದ್ದರು. ಬೀಗರು ಶಾಲು ಹೊದ್ದು ಮುಂದಿನ ಸಾಲಿನಲ್ಲಿ ನಿಂತಿದ್ದರು.

ಹಸಿರು ಬಾವುಟ ಬಿತ್ತು. ನಮ್ಮ ಗಾಡಿ ಕಪ್ಪೆಯಂತೆ ಕುಪ್ಪಳಿಸಿತು. ಸ್ಪ್ರಿಂಗು ಇದೆಯೋ ಇಲ್ಲವೋ ಎನ್ನುವಂತೆ ಪ್ರತಿ ಹೆಂಟೆಗೂ ಎಗರಿ, ಮೊದಲ ದಿಬ್ಬದಲ್ಲೇ ಅಂಗಾತ ಬಿತ್ತು. ಓಡಿ ಹೋಗಿ ನೆಟ್ಟಗೆ ಮಾಡಿದೆವು. ಮತ್ತೆ ಬಿತ್ತು. ಮೂರನೆಯ ಸಲ ಬಿದ್ದಾಗ ಜನ ನಕ್ಕರು, ಬೀಗರೂ ನಕ್ಕರು.

ನನ್ನ ತಲೆ ಕೆಟ್ಟಿತು. "ನಿನ್ನೆ ರಾತ್ರಿ ಸ್ಪ್ರಿಂಗು ಮುಟ್ಟಿದಿ ಹೌದಲ್ಲೋ? ಪಾವು ಸುತ್ತು, ಅರ್ಧ ಸುತ್ತು ಅಂತ ಎಲ್ಲಾ ಕೆಡಿಸಿಟ್ಟಿ! ಮಗ್ಗಾ ನೋಡ್ಕೊಂಡು ಸುಮ್ನ ಇರಬೇಕಿತ್ತು ನೀ!" ಎಂದು ಎಲ್ಲರ ಮುಂದೆ ಒದರಿದೆ. ಅಷ್ಟು ವರ್ಷ 'ರಿ' ಹಚ್ಚದೆ ಮಾತಾಡಿಸದವನು ಏಕವಚನಕ್ಕಿಳಿದಿದ್ದೆ. ದಸ್ತಗೀರ್ ಭಾಯಿ ಗಾಡಿಯನ್ನು ಎತ್ತಿ, ಒಂದು ಶಾಕನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ನನ್ನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದವರು, "ನಂದ ತಪ್ಪಾತು ಬಿಡ್ರಿ," ಎಂದು ಗಾಡಿಯನ್ನು ಚೀಲಕ್ಕೆ ಹಾಕಿದರು. ಬೀಗರ ಮನೆಗೆ ಊಟಕ್ಕೂ ಹೋಗಲಿಲ್ಲ.

ಮಧ್ಯಾಹ್ನ ಊರಿಗೆ ಬಂದು ಓಡಿಸಿದರೆ ಅದೇ ಹಾಳು ಗಾಡಿ ಬೆಕ್ಕಿನಂತೆ ಇಳಿಯಿತು! ಅವರು ಬಸ್ಸಿನಲ್ಲಿ ಕದ್ದು ಸರಿ ಮಾಡಿದ್ದಾರೆಂದೇ ನಾನು ತಿಳಿದೆ. ಇನ್ನಷ್ಟು ಉರಿಯಿತು. ಗಾಡಿ ಪೆಟ್ಟಿಗೆ ಸೇರಿತು. ಮರುವರ್ಷ ನನಗೆ ರೋಣಕ್ಕೆ ವರ್ಗವಾಯಿತು. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ "ಆರಾಮೇನ್ರಿ?" "ಆರಾಮ್ರಿ" ಅಷ್ಟೇ.

ಬಿಸಿಲಿನಲ್ಲಿ ಕರಗುವ ಬಾಟಲಿಯ ಮುಂದೆ ಕೂತು ಇದನ್ನೆಲ್ಲ ನೆನೆಯುತ್ತಿದ್ದವನು ದಡಕ್ಕನೆ ಎದ್ದು ನಿಂತೆ. ಬೇಸಿಗೆಯಲ್ಲಿ ಎಣ್ಣೆ ದ್ರವ, ಚಳಿಯಲ್ಲಿ ಘನ. ಎಂಟನೆಯ ಇಯತ್ತೆಯ ಮಕ್ಕಳಿಗೆ ವರ್ಷವರ್ಷವೂ ನಾನೇ, ಇದೇ ಕೊಬ್ಬರಿ ಎಣ್ಣೆಯನ್ನೇ ತೋರಿಸಿ ಹೇಳಿಕೊಟ್ಟ ಪಾಠ! ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಶಾಕಿನಲ್ಲೂ ಗಟ್ಟಿಯಾದೀತೆಂದು ಈ ಬೋಳುತಲೆಗೆ ಇಷ್ಟು ವರ್ಷ ಹೊಳೆಯಲಿಲ್ಲ. ನಾಚಿಕೆಯಾಯಿತು. ಎಷ್ಟು ನಾಚಿಕೆಯೆಂದರೆ, ಹಿಮ್ಮಡಿ ಮರೆತು ಫೋನು ಹಚ್ಚಿದೆ.

"ದಸ್ತಗೀರ್ ಭಾಯಿ, ಅವತ್ತು ನರಗುಂದದಾಗ... ಎಣ್ಣಿ ಹೆಪ್ಪುಗಟ್ಟಿತ್ರಿ."

ಆ ಕಡೆ ಮಗ್ಗದ ಸದ್ದು ನಿಂತಿತು. "ಈಗ ತಿಳೀತೇನ್ರಿ ಸರ್ರ?"

"ನಿಮಗ ಯಾವಾಗ ತಿಳೀತು?"

"ಅವತ್ತ ಒತ್ತಿ ನೋಡಿದ್ನಲ್ರಿ. ಕಲ್ಲಾಗಿತ್ತು."

"ಹೇಳೂದಲ್ಲೇನ್ರಿ ಮತ್ತ! ಬೀಗರ ಮುಂದ ನನ್ನ ಕಡೆ ಬೈಸ್ಕೊಂಡು ಸುಮ್ನ ನಿಂತ್ರಲ್ಲ!"

"ಸಾಲಿ ಹುಡುಗ್ರು ನಿಂತಿದ್ರಲ್ರಿ ನಾಕ್ ಮಂದಿ. ವಿಜ್ಞಾನದ ಸರ್ರು ಎಣ್ಣಿ ತಪ್ಪು ಹಾಕ್ಯಾರ ಅಂತ ಅವರ ಮುಂದ ಹ್ಯಾಂಗ ಹೇಳ್ಲಿ?"

ನನಗೆ ಮತ್ತೆ ಸಿಟ್ಟು ಬಂತು. ಈ ಮನುಷ್ಯನ ತಾಳ್ಮೆಗೆ ಒಂದು ಮಿತಿ ಬೇಡವೇ! "ತಪ್ಪು ನಂದ್ರಿ," ಎಂದಷ್ಟೇ ಹೇಳಿದೆ.

"ಐತವಾರ ಬರ್ರಿ. ಗಾಡಿ ತಗೊಂಡ ಬರ್ರಿ."

ಫೋನು ಕಿವಿಗೆ ಹಿಡಿದೇ ಸ್ಟೂಲು ಹತ್ತಿ ಅಟ್ಟದ ಪೆಟ್ಟಿಗೆ ಎಳೆದೆ. ಶಾಕುಗಳು ಒಣಗಿಹೋಗಿದ್ದವು. ಹಳೆಯ ಚಟ ಎಲ್ಲಿ ಹೋಗುತ್ತದೆ! "ಈ ಸಲ ಶಾಕಿಗೆ ನಾನು..." ಎಂದು ಶುರುಮಾಡಿದೆ.

"ಸರ್ರ," ಎಂದರು ದಸ್ತಗೀರ್ ಭಾಯಿ, "ಎಣ್ಣಿ ಮಾತ್ರ ನನಗ ಬಿಡ್ರಿ."