ಪಾಲೆ ಮರಕ್ಕೆ ಕಟ್ಟಿದ ಕೆಂಪು ಪಟ್ಟೆ

ಚರಕ್, ಚರಕ್, ಚರಕ್. ಒಣಗಿದ ಅಕೇಶಿಯಾ ಎಲೆಗಳ ಮೇಲೆ ಷೂ ಬೀಳುವ ಸದ್ದು. ಅಕೇಶಿಯಾ ಎಲೆ ಒಣಗಿದರೆ ಸುರುಟಿಕೊಂಡು ಹಪ್ಪಳದ ಹಾಗೆ ಗರಿಗರಿಯಾಗುತ್ತದೆ. ಅದರ ಮೇಲೆ ಬೆಕ್ಕು ನಡೆದರೂ ಇಡೀ ಗುಡ್ಡೆಗೆ ಗೊತ್ತಾಗುತ್ತದೆ. ನಾನು ಮುಂದೆ, ಅವಳು ಹಿಂದೆ. ನಾನು ತಿರುಗಿ ನೋಡುತ್ತಿರಲಿಲ್ಲ. ಸದ್ದು ಬರುತ್ತಿದ್ದರೆ ಅವಳು ಬರುತ್ತಿದ್ದಾಳೆ. ಸದ್ದು ನಿಂತರೆ ನಾನೂ ನಿಲ್ಲಬೇಕು, ಅವಳಿಗೆ ದಾರಿ ತಪ್ಪಿದೆ.

ಈಗಲೂ ಕಾವೂರು ಕೆರೆಯ ಬದಿಯಲ್ಲಿ ನಡೆಯುವಾಗ ಯಾರಾದರೂ ಚುರುಮುರಿಯ ಕಾಗದ ಮುದುಡಿದರೆ ಸಾಕು, ನಾನು ನಿಂತು ಹಿಂದೆ ನೋಡುತ್ತೇನೆ. ಸಿಲ್ಲಿ, ಐ ನೋ. ಅವಳು ಈಗ ಗಲ್ಫಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಶುಕ್ರವಾರ ಫೋನು ಮಾಡುತ್ತಾಳೆ. ವಿಡಿಯೊ ಹಾಕುವುದಕ್ಕೆ ಮಾತ್ರ ಬಿಡುವುದಿಲ್ಲ. "ನೀನು ನನ್ನನ್ನು ನೋಡುದು, ನಾನು ನಿನ್ನನ್ನು ನೋಡ್ಲಿಕ್ಕೆ ಆಗದ್ದು, ಅದೆಂತ ನ್ಯಾಯ ಮಾರಾಯ್ತಿ?" ಎನ್ನುತ್ತಾಳೆ.

ನಾವಿಬ್ಬರು ಒಂದೇ ಕಾನ್ವೆಂಟಿನಲ್ಲಿ, ಒಂದೇ ಬೆಂಚಿನಲ್ಲಿ ಕುಳಿತು ಕಲಿತವರು. ನಮ್ಮದು ಒಂದು ಕಾಲದಲ್ಲಿ ಗದ್ದೆ ಇದ್ದ ತುಳು ಮನೆ, ಅವಳದ್ದು ಬಂದರಿನಲ್ಲಿ ಒಣಮೆಣಸು ಬೆಲ್ಲದ ಸಗಟು ವ್ಯಾಪಾರವಿದ್ದ ಬ್ಯಾರಿ ಮನೆ. ಸ್ಪೋರ್ಟ್ಸ್ ಡೇ ದಿನ ಅವಳು ಕ್ಯಾನ್ವಾಸ್ ಷೂ ಬಿಚ್ಚಿ ನನ್ನ ಕೈಗೆ ಕೊಟ್ಟು ಬರಿಗಾಲಲ್ಲಿ ಓಡುತ್ತಿದ್ದಳು. ಆಟದ ಸಿಸ್ಟರ್ ಸ್ಟಾಪ್‌ವಾಚನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಅದು ಕೆಟ್ಟಿದೆಯೋ ಏನೋ ಎಂದು ನೋಡುತ್ತಿದ್ದರು. ಅಷ್ಟು ಬೇಗ ಅವಳು ಹಗ್ಗ ಮುಟ್ಟಿರುತ್ತಿದ್ದಳು. ಪಬ್ಲಿಕ್ ಪರೀಕ್ಷೆಗೆ ಮೊದಲೇ ಅವಳ ಮದುವೆಯಾಯಿತು. ಓಟವೂ ಅಲ್ಲಿಗೇ ಮುಗಿಯಿತು.

ಮತ್ತೆ ನಾವು ಸಿಕ್ಕಿದ್ದು ಅರವತ್ತಾರನೆಯ ವಯಸ್ಸಿನಲ್ಲಿ, ಕಾವೂರು ಕೆರೆಯ ವಾಕಿಂಗ್ ದಾರಿಯಲ್ಲಿ. ಇಬ್ಬರೂ ವಿಧವೆಯರು, ಇಬ್ಬರ ಮಂಡಿಗೂ ಒಂದೇ ಎಣ್ಣೆ. ಬುರ್ಖಾದ ಅಡಿಯಲ್ಲಿ ಅವಳು ಮೊಮ್ಮಗನ ಟ್ರ್ಯಾಕ್ ಪ್ಯಾಂಟ್ ಹಾಕಿದ್ದಳು. ಕೆರೆಗೆ ಎರಡು ಸುತ್ತು ಬಂದ ಮೇಲೆ, "ಇಲ್ಲಿ ಎಲ್ಲ ಹೆಂಗಸರು ನಿಂತು ಸೊಸೆಯ ಸುದ್ದಿ ಹೇಳುದು. ಎಲ್ಲಿಯಾದರೂ ಓಡುವಾ," ಎಂದಳು.

"ಈ ಪ್ರಾಯದಲ್ಲಿ?"

"ಮತ್ತೆ ಯಾವ ಪ್ರಾಯದಲ್ಲಿ?"

ಕೆರೆಯ ಹಿಂಬದಿಯಿಂದ ಒಂದು ಕಾಲುದಾರಿ ಗುಡ್ಡೆ ಹತ್ತುತ್ತದೆ. ಎರಡೂ ಕಡೆ ಅಕೇಶಿಯಾ, ನಡುನಡುವೆ ಗೇರು ಮರ. ತುದಿಗೆ ಹೋದರೆ ಬೈಕಂಪಾಡಿಯ ಹೊಗೆ ಕೊಳವೆಗಳು ಕಾಣುತ್ತವೆ, ಅದರಾಚೆ ಸಮುದ್ರದ ಒಂದು ಗೆರೆ. ಅಲ್ಲಿಂದ ಇಳಿದರೆ ಇನ್ನೊಂದು ಸಣ್ಣ ಕೆರೆ. ನಾವು ಅದನ್ನು ಮದಗ ಎನ್ನುತ್ತೇವೆ. ಎಮ್ಮೆಗಳು ಮತ್ತು ನೀರುಕೋಳಿಗಳು ಬಿಟ್ಟರೆ ಅಲ್ಲಿ ಯಾರೂ ಇಲ್ಲ. ಕೆರೆಯಿಂದ ಮದಗಕ್ಕೆ, ಇದು ನಮ್ಮ ದಾರಿ. ಓಟ ಎಂದು ನಾನು ದೊಡ್ಡದಾಗಿ ಹೇಳಿದೆ. ಬಸ್ಸು ಹಿಡಿಯುವವರು ನಮಗಿಂತ ಜೋರಾಗಿ ಓಡುತ್ತಾರೆ. ಆದರೆ ಎರಡೂ ಕಾಲು ಒಂದೇ ಸಲ ನೆಲ ಬಿಟ್ಟ ಆ ಅರೆಕ್ಷಣದಲ್ಲಿ ನನಗೆ ಆಗುತ್ತಿದ್ದ ಸಂತೋಷವನ್ನು ಯಾರಿಗೆ ಹೇಳಲಿ? ಜೀವನಪೂರ್ತಿ ಒಂದು ಕಾಲನ್ನಾದರೂ ನೆಲದ ಮೇಲೆ ಇಟ್ಟುಕೊಂಡೇ ಬಂದವಳು ನಾನು.

ಎರಡು ವರ್ಷ ಹೀಗೆ ನಡೆಯಿತು. ಮೂರನೆಯ ವರ್ಷ ಅವಳು ಮರಗಳಿಗೆ ಭುಜ ತಾಗಿಸಿಕೊಳ್ಳಲು ಶುರುಮಾಡಿದಳು. ಗ್ಲಾಕೋಮಾ. ಹೋದ ದೃಷ್ಟಿ ಬರುವುದಿಲ್ಲ, ಇದ್ದದ್ದನ್ನು ಎಷ್ಟು ದಿನ ಉಳಿಸಬಹುದೋ ನೋಡುವ ಎಂದರಂತೆ ಡಾಕ್ಟರು. "ಪೈಪಿನೊಳಗೆ ಇಣುಕಿದ ಹಾಗೆ ಕಾಣ್ತದೆ," ಎಂದಳು ಅವಳು, ಮದಗದ ಬದಿಯಲ್ಲಿ ಕುಳಿತು, ಚಪ್ಪಟೆ ಕಲ್ಲುಗಳನ್ನು ನೀರಿಗೆ ಎಸೆಯುತ್ತಾ. "ಪೈಪು ದಿನದಿಂದ ದಿನಕ್ಕೆ ಸಣ್ಣ ಆಗ್ತಾ ಉಂಟು. ಮಗಳು ಅಲ್ಲಿಗೆ ಬಾ ಅಂತ ಹಟ ಹಿಡಿದಿದ್ದಾಳೆ. ಮಳೆಗಾಲಕ್ಕೆ ಮೊದಲು ಹೋಗ್ಬೇಕು."

ನಾನು ಅವಳ ಕೈಗೆ ಇನ್ನೊಂದು ಕಲ್ಲು ಕೊಟ್ಟೆ.

"ಹೋಗುವ ಮೊದಲು ಒಂದ್ಸಲ ನಾನೊಬ್ಬಳೇ ಕೆರೆಯಿಂದ ಇಲ್ಲಿಯವರೆಗೆ ಓಡ್ಬೇಕು. ಮುಂದೆ ನೀನು ಇರ್ಬಾರ್ದು. ಅಲ್ಲಿಗೆ ಹೋದ ಮೇಲೆ ಬಾತ್‌ರೂಮಿಗೆ ಹೋಗ್ಲಿಕ್ಕೂ ಯಾರಾದ್ರೂ ಕೈ ಹಿಡೀತಾರೆ. ನನಗೆ ಗೊತ್ತುಂಟು."

ಅದು ಅವಳ ಆಸೆ. ನನಗೆ ಅವಳಿಗಿಂತ ಹೆಚ್ಚು ಅವಸರವಾಯಿತು. ದಾರಿಯಲ್ಲಿ ಒಂದು ಕೆಟ್ಟ ತಿರುವಿತ್ತು. ಇಳಿಜಾರಿನ ನಡುವೆ ಒಂದು ಹಳೆಯ ಪಾಲೆ ಮರ. ಆಟಿ ತಿಂಗಳ ಅಮಾವಾಸ್ಯೆಗೆ ಕಷಾಯಕ್ಕೆಂದು ತೊಗಟೆ ಕೆತ್ತಿ ತೆಗೆಯುತ್ತಾರಲ್ಲ, ಅದೇ ಮರ. ಅದರ ಬಲಕ್ಕೆ ಕೆಂಪುಕಲ್ಲು ಕಡಿದು ಬಿಟ್ಟ ಕೋರೆಯ ಗುಂಡಿ, ಎಡಕ್ಕೆ ಮುಳ್ಳು. ನಡುವೆ ಎರಡು ಮಾರು ದಾರಿ. ಅಲ್ಲಿ ಅವಳು ಎಡಕ್ಕೆ ಹಿಡಿಯಲೇಬೇಕು.

ಹಸಿರಿನ ನಡುವೆ ಕೆಂಪು ಅವಳ ಕಣ್ಣಿಗೆ ಬೇಗ ಸಿಗುತ್ತಿತ್ತು. ಮನೆಗೆ ಬಂದು ಪೆಟ್ಟಿಗೆ ತೆಗೆದೆ. ಮಡಿಕೆಗಳಲ್ಲೇ ಹರಿದುಹೋಗಿದ್ದ ನನ್ನ ಕೆಂಪು ಪಟ್ಟೆ ಸೀರೆಯನ್ನು, ರೇಷ್ಮೆಗೆ ನಾವು ಪಟ್ಟೆ ಎನ್ನುತ್ತೇವೆ, ಉದ್ದುದ್ದ ಕತ್ತರಿಸಿ, ಹನ್ನೊಂದು ತುಂಡು ಮಾಡಿ, ಒಬ್ಬಳೇ ಗುಡ್ಡೆಗೆ ಹೋಗಿ ಹನ್ನೊಂದು ಮರಗಳಿಗೆ ಕಟ್ಟಿ ಬಂದೆ. ಪಾಲೆ ಮರಕ್ಕೆ ಜರಿ ಇದ್ದ ಅಗಲದ ತುಂಡು. ಅದರ ಬುಡದಲ್ಲಿ ಅವಳು ಷೂಲೇಸ್ ಕಟ್ಟಿಕೊಳ್ಳಲು ಕುಳಿತುಕೊಳ್ಳುತ್ತಿದ್ದ ಒಂದು ಕೆಂಪುಕಲ್ಲಿತ್ತು. ಎಷ್ಟು ಸೈಂಟಿಫಿಕ್ ಆಗಿ ಯೋಚಿಸಿದೆ ಎಂದು ನನಗೇ ಹೆಮ್ಮೆ.

ಪಾಲೆ ಮರ, ಅದರ ಬುಡದಲ್ಲಿ ಒಂದು ಕಲ್ಲು, ಮೇಲೆ ಕೆಂಪು ಪಟ್ಟೆ. ತುಳುನಾಡಿನಲ್ಲಿ ಹುಟ್ಟಿದ ಯಾವ ಮಗುವಿಗಾದರೂ ಅದು ಏನೆಂದು ಗೊತ್ತಾಗಬೇಕು. ನಮ್ಮ ಕುಟುಂಬದ ತರವಾಡು ಮನೆಯ ದೈವಕ್ಕೆ ವರ್ಷ ವರ್ಷ ಕೆಂಪು ಪಟ್ಟೆ ಒಪ್ಪಿಸುವುದನ್ನು ನೋಡುತ್ತಲೇ ಬೆಳೆದವಳು ನಾನು. ಅಜ್ಜಿ ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು. ನನ್ನ ತಲೆಗೆ ಮಾತ್ರ ಅದು ಹೋಗಲೇ ಇಲ್ಲ. ನಾನು ಟ್ರ್ಯಾಕ್ ಮಾರ್ಕಿಂಗ್ ಮಾಡುತ್ತಿದ್ದೆ.

ಮರುದಿನದಿಂದ ಹತ್ತು ದಿನ ನನಗೆ ಜ್ವರ. ಎದ್ದು ಹೋದ ದಿನ ನಾನು ಎಂದಿನಂತೆ ಮುಂದೆ, ಅವಳು ಹಿಂದೆ. ಪಾಲೆ ಮರದ ಹತ್ತಿರ ನನ್ನ ಮೊಣಕಾಲಿಗೆ ಏನೋ ತಾಗಿ ನಿಂತೆ. ಹಗ್ಗ ಎಂದು ತಿಳಿಯುವಷ್ಟರಲ್ಲಿ ಅವಳು ನನ್ನನ್ನು ದಾಟಿ ಅದರ ಮೇಲೆ ಬಿದ್ದಿದ್ದಳು. ದಾರಿಗೆ ಅಡ್ಡ ತೆಂಗಿನ ನಾರಿನ ಹಗ್ಗ. ಅದಕ್ಕೆ ನೇತುಹಾಕಿದ ತಗಡಿನಲ್ಲಿ ಬಿಳಿ ಬಣ್ಣದ ಅಕ್ಷರ: ಚಪ್ಪಲಿ ಹಾಕಿ ಬರಬಾರದು. ಅವಳು ಕುಳಿತುಕೊಳ್ಳುತ್ತಿದ್ದ ಕಲ್ಲನ್ನು ತೊಳೆದು ನೆಟ್ಟಗೆ ನಿಲ್ಲಿಸಿದ್ದರು. ಮೇಲೆ ಅಡಿಕೆಯ ಪಿಂಗಾರದ ಹೂವು, ಎದುರಿಗೆ ಒಂದು ಹಣತೆ. ಅಕೇಶಿಯಾ ಮರಗಳಿಗೆ ಕಟ್ಟಿದ ಹತ್ತು ತುಂಡುಗಳನ್ನು ಯಾರೂ ಮುಟ್ಟಿರಲಿಲ್ಲ. ಸರಕಾರಿ ಮರ, ಅಲ್ಲಿ ಯಾವ ದೈವ ನಿಲ್ಲುತ್ತದೆ?

ಅವಳು ಮೊಣಕೈಯ ರಕ್ತ ಒರೆಸಿಕೊಳ್ಳುತ್ತಾ, "ಎಂತ ಅದು?" ಎಂದಳು. ಹೇಳಿದೆ. ನಗು ತಡೆಯಲಾಗದೆ ಅವಳ ಹೊಟ್ಟೆ ಅಲ್ಲಾಡತೊಡಗಿತು.

"ಯಾ ಅಲ್ಲಾ! ನಿನ್ನ ಸೀರೆಗೆ ಕೈ ಮುಗೀತಿದ್ದಾರಾ?"

"ನಗ್ಬೇಡ. ಇವತ್ತೇ ಹೋಗಿ ಹೇಳ್ತೇನೆ, ಕಟ್ಟಿದ್ದು ನಾನು ಅಂತ."

"ಹೇಳು. ಕೈ ಕಾಲು ಸರಿ ಉಂಟಲ್ಲ ನಿನ್ನದು, ಓಡಿ ಬರ್ಲಿಕ್ಕೆ."

ಹೇಳಬೇಕಾದದ್ದು ಯಾರಿಗೆ ಎಂದು ತಿಳಿಯಲು ಕಷ್ಟವಾಗಲಿಲ್ಲ. ಕೆರೆಯ ಗೇಟಿನಲ್ಲಿ ಎಳನೀರಿನ ಬೊಂಡ ಮಾರುವ ಹೆಂಗಸು ತಾನಾಗಿಯೇ ಸುದ್ದಿ ತೆಗೆದಳು. ಅವಳ ಗಂಡನೇ ಮೊದಲು ಕಂಡದ್ದು. ಕುಡಿದು ಗುಡ್ಡೆಯಲ್ಲಿ ಬಿದ್ದುಕೊಂಡಿದ್ದವನು ಎಚ್ಚರವಾಗಿ ಕಣ್ಣು ಬಿಟ್ಟರೆ ಎದುರಿಗೆ ಕೆಂಪು ಪಟ್ಟೆ.

"ಜರಿ ಇರುವ ಪಟ್ಟೆ ಅಕ್ಕ! ಯಾರು ಕಟ್ತಾರೆ ಆ ಕಾಡಿನಲ್ಲಿ?"

"ಯಾರಾದರೂ... ಸುಮ್ಮನೆ ಗುರುತಿಗೆ ಕಟ್ಟಿರಬಹುದಲ್ವಾ?" ನನ್ನ ಧ್ವನಿ ನನಗೇ ಕೇಳಲಿಲ್ಲ.

"ಗುರುತಿಗೆ ಯಾರು ಪಟ್ಟೆ ಸೀರೆ ಹರೀತಾರೆ? ತಲೆ ಸರಿ ಇದ್ದವರು?" ಅವಳು ಬೊಂಡದ ತಲೆ ಹಾರಿಸಿ ನನ್ನ ಕೈಗೆ ಕೊಟ್ಟಳು. "ಅವತ್ತು ಆ ಕಲ್ಲು ಮುಟ್ಟಿ ಪ್ರಮಾಣ ಮಾಡಿ ಬಂದಿದ್ದಾರೆ ಅಕ್ಕ. ಇವತ್ತಿಗೆ ಒಂಬತ್ತು ದಿನ. ಒಂದು ತೊಟ್ಟು ಮುಟ್ಟಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ ನಾನು ನಿದ್ರೆ ಮಾಡಿದ್ದೇನೆ."

ಬೊಂಡ ಕುಡಿದು, ಬಾಯಿ ಒರೆಸಿಕೊಂಡು, "ಹಗ್ಗ ಮಾತ್ರ ತೆಗೆಯಲು ಹೇಳಮ್ಮ. ನನ್ನ ಫ್ರೆಂಡಿಗೆ ಕಣ್ಣು ಕಾಣುವುದಿಲ್ಲ, ಬಿದ್ದಳು," ಎಂದೆ.

"ಅಯ್ಯೋ! ಇವತ್ತೇ ತೆಗೆಸ್ತೇನೆ. ಆದ್ರೆ ಚಪ್ಪಲಿ ಮಾತ್ರ ಹಾಕ್ಬೇಡಿ, ಆಯ್ತಾ?"

ಕಾನ್ವೆಂಟಿನ ಸಿಸ್ಟರ್‌ಗಳು ಸುಳ್ಳಿನಲ್ಲಿ ಎರಡು ಬಗೆ ಕಲಿಸಿದ್ದರು: ಹೇಳಿದ ಸುಳ್ಳು, ಹೇಳದೆ ಬಿಟ್ಟ ಸತ್ಯ. ಎರಡನೆಯದಕ್ಕೆ ಪ್ರಾಯಶ್ಚಿತ್ತ ಎಷ್ಟೆಂದು ಈಗ ಮರೆತಿದೆ. ಮತ್ತೊಂದು ಮಾತನ್ನೂ ಇಲ್ಲಿ ಬರೆದುಬಿಡುತ್ತೇನೆ. ಆಮೇಲೆ ಆ ಮರದ ಎದುರು ಹೋಗುವಾಗಲೆಲ್ಲ ನನ್ನ ಕೈಯೂ ಮುಗಿದುಕೊಳ್ಳುತ್ತಿತ್ತು. ಕಟ್ಟಿದವಳು ನಾನೇ. ಆದರೂ, ಹೂ ನೋಸ್.

ಅವಳಿಗೆ ಹೇಳಿದಾಗ ಅವಳು ಯೋಚಿಸಲೇ ಇಲ್ಲ. "ಷೂ ಬಿಚ್ಚುವಾ. ಅದಕ್ಕೆಂತ? ಶಾಲೆಯಲ್ಲಿ ಬಿಚ್ಚುತ್ತಿರಲಿಲ್ವಾ?"

"ಮುಳ್ಳು?"

"ಮುಳ್ಳಿಗೆ ನನ್ನ ಪರಿಚಯ ಇಲ್ವಾ?"

ಮೊದಲು ಆ ಮರದ ಹತ್ತಿರ ಮಾತ್ರ ಬಿಚ್ಚಿದಳು. ನಾಲ್ಕನೆಯ ದಿನ ಕೆರೆಯ ಗೇಟಿನಲ್ಲೇ ಬಿಚ್ಚಿ, ಲೇಸಿಗೆ ಲೇಸು ಗಂಟುಹಾಕಿ, ಕೈಯಲ್ಲಿ ಹಿಡಿದುಕೊಂಡಳು. ಕಣ್ಣಿಗಿಂತ ಅವಳ ಕಾಲು ಹೆಚ್ಚು ಬಲ್ಲದು ಎಂದು ನಮಗೆ ಹಾಗೆ ಗೊತ್ತಾಯಿತು. ಕೆಂಪು ಮುರಕಲ್ಲಿನ ಒರಟು ಬಂದರೆ ಏರು. ಗೇರೆಲೆ ಮೆತ್ತಗೆ ಸಿಕ್ಕಿದರೆ ತುದಿ. ತಣ್ಣನೆ ಮರಳು ಬಂದರೆ ಮದಗ. ಆದರೆ ಪಾಲೆ ಮರದ ತಿರುವು? ಅದನ್ನು ಬೊಂಡದವಳ ಗಂಡ ಪರಿಹರಿಸಿದ. ಅವನು ದಿನಾ ಬೆಳಿಗ್ಗೆ ಹಿಡಿಸೂಡಿ ಹಿಡಿದು ಆ ಕಲ್ಲಿನ ಸುತ್ತ, ಮರದಿಂದ ಮುಳ್ಳಿನವರೆಗೆ, ಒಂದು ಎಲೆ ಇಲ್ಲದ ಹಾಗೆ ಗುಡಿಸುತ್ತಿದ್ದ. ಕೋರೆಯ ಬದಿಯನ್ನು ಗುಡಿಸುತ್ತಿರಲಿಲ್ಲ, ಅಲ್ಲಿಗೆ ಯಾರು ಹೋಗುತ್ತಾರೆ? ಚರಕ್ ಚರಕ್ ಎಂದು ಬರುವ ಕಾಲು ನುಣ್ಣನೆಯ ನೆಲಕ್ಕೆ ಬಂದರೆ ಅದೇ ತಿರುವು. ನುಣುಪು ಬಿಟ್ಟು ಎಲೆ ಸಿಕ್ಕಿದರೆ ಬಲಕ್ಕೆ ಜಾಸ್ತಿ ಹೋಗಿದ್ದೇನೆ, ನಿಲ್ಲಬೇಕು. ನನ್ನ ಹನ್ನೊಂದು ತುಂಡುಗಳಿಗಿಂತ ಅವನ ಹಿಡಿಸೂಡಿಯ ಮಾರ್ಕಿಂಗ್ ಚೆನ್ನಾಗಿತ್ತು.

ಅಷ್ಟರಲ್ಲಿ ಅವಳಿಗೆ ಕೆಂಪೂ ಮಸುಕಾಗುತ್ತಿತ್ತು. ಟಿಕೆಟು ಬಂತು. ಹೊರಡುವ ಹಿಂದಿನ ದಿನ ಬೆಳಿಗ್ಗೆ ಒಬ್ಬಳೇ ಓಡುವುದೆಂದು ಅವಳೇ ನಿಶ್ಚಯಿಸಿದಳು. ನಾನು ರಿಕ್ಷಾದಲ್ಲಿ ಸುತ್ತಿ ಹೋಗಿ ಮದಗದ ಬದಿಯಲ್ಲಿ ನಿಂತಿರಬೇಕು. ಹಿಂದೆ ಬರಬಾರದು, ಕರೆಯಬಾರದು. "ಮತ್ತೆ ನಾಳೆ ಏರ್‌ಪೋರ್ಟಿಗೂ ಬರ್ಬೇಡ. ಅಲ್ಲಿ ಅಳ್ಲಿಕ್ಕೆ ಬೇಕಾದಷ್ಟು ಜನ ಇದ್ದಾರೆ."

ಸಲ್ವಾರಿನ ಮೇಲೆ ಆ ಸೀರೆಯ ಉಳಿದ ಸೆರಗನ್ನು ಹೊದ್ದುಕೊಂಡು ನಾನು ನಿಂತಿದ್ದೆ. ಎಮ್ಮೆಗಳು ಕೂಡ ತಲೆ ಎತ್ತಿ ನೋಡಿದವು. ಗಾಳಿ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಗುಡ್ಡೆಯ ತುದಿಯಿಂದ ಎಲೆಗಳ ಸದ್ದು ಕೇಳಿತು. ಬರಿಗಾಲಿನದು ಸ್ವಲ್ಪ ಮೆತ್ತಗೆ: ಸರಕ್, ಸರಕ್. ಇಳಿಯುತ್ತಾ ಬಂತು. ಪಾಲೆ ಮರದ ಹತ್ತಿರ ನಿಂತಿತು.

ನಿಲ್ಲಬೇಕಾದದ್ದೇ. ಗುಡಿಸಿದ ನೆಲ. ಎಂಟು ಹೆಜ್ಜೆ, ನಾನು ಎಣಿಸಿದ್ದೇನೆ. ಎಂಟು ಎಣಿಸಿದೆ. ಹತ್ತು. ಹದಿನೈದು. ಕೋರೆಯಲ್ಲಿ ಎಷ್ಟು ಆಳ ನೀರಿದೆ ಎಂದು ನನಗೆ ಗೊತ್ತಿತ್ತು. ಕರೆಯಬಾರದು ಎಂದಿದ್ದಳು. ಬಾಯಿಗೆ ಸೆರಗು ತುರುಕಿಕೊಂಡು ನಿಂತೆ. ಹಳೆಯ ಪಟ್ಟೆಗೆ ಕರ್ಪೂರದ ರುಚಿ ಇರುತ್ತದೆ. ಇಪ್ಪತ್ತಾರೋ ಇಪ್ಪತ್ತೇಳೋ ಆದಾಗ ಮತ್ತೆ, ಸರಕ್.

ಮರಗಳ ನಡುವಿನಿಂದ ಅವಳು ಓಡುತ್ತಲೇ ಹೊರಗೆ ಬಂದಳು. ನನ್ನ ಕಡೆ ನೋಡಲಿಲ್ಲ. ಕಾಲಿಗೆ ಮರಳು ತಾಗಿದ ಕೂಡಲೇ ನಿಧಾನ ಮಾಡಿ, ಕೈ ಚಾಚಿ, ನನ್ನ ಭುಜ ಹುಡುಕಿ ಹಿಡಿದಳು. ಏದುಸಿರು. ಮುಖವೆಲ್ಲ ಬೆವರು, ಬಾಯಿ ತುಂಬ ನಗು.

"ಎಂತ ಮಾಡ್ತಿದ್ದೆ ಅಲ್ಲಿ ಅಷ್ಟು ಹೊತ್ತು? ನನ್ನ ಜೀವ ಹೋಯ್ತು!"

"ಥ್ಯಾಂಕ್ಸ್ ಹೇಳಿದೆ."

"ಯಾರಿಗೆ?"

"ನಿನ್ನ ಸೀರೆಗೆ."

ಮದಗದ ನೀರಿನಲ್ಲಿ ಕಾಲು ಅದ್ದಿದಳು. ಎಡ ಹಿಮ್ಮಡಿಯ ಮುಳ್ಳನ್ನು ನನ್ನಿಂದ ತೆಗೆಸಿಕೊಂಡಳು. ನಾನು ರಿಕ್ಷಾದವನಿಗೆ ಫೋನು ಮಾಡಲು ಚೀಲ ಹುಡುಕುತ್ತಿದ್ದಂತೆ, "ನೀನು ರಿಕ್ಷಾದಲ್ಲಿ ಬಾ," ಎಂದಳು. "ನಾನು ಬಂದ ದಾರಿಯಲ್ಲೇ ಹೋಗ್ತೇನೆ." ಉತ್ತರಕ್ಕೆ ಕಾಯಲಿಲ್ಲ. ಕೆರೆಯ ಗೇಟಿನಲ್ಲಿ ಅವಳ ಮಗನ ಕಾರು ಕಾದಿತ್ತು. ನನ್ನ ರಿಕ್ಷಾ ಬರುವಷ್ಟರಲ್ಲಿ ಅದು ಹೋಗಿಯಾಗಿತ್ತು.

ಹಾಗಾಗಿ ನಾನು ಅವಳನ್ನು ಕೊನೆಗೆ ಕಂಡದ್ದು ಹಿಂದಿನಿಂದ. ಕಪ್ಪು ಬುರ್ಖಾ ಮೊಣಕಾಲವರೆಗೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಜೋಡಿ ಷೂ ತೂಗಾಡಿಸುತ್ತಾ, ಒದ್ದೆ ಪಾದಗಳಿಗೆ ಮರಳು ಅಂಟಿಸಿಕೊಂಡು ಅವಳು ಏರು ಹತ್ತಿದಳು. ಮರಗಳು ಅವಳನ್ನು ಮುಚ್ಚಿದ ಮೇಲೂ ಸದ್ದು ಸ್ವಲ್ಪ ಹೊತ್ತು ಇತ್ತು. ಪಾಲೆ ಮರದ ಹತ್ತಿರ ನಿಂತಿತು. ನಾನು ಎಣಿಸಿದೆ. ಈ ಸಲ ಎಂಟಕ್ಕೇ ಮತ್ತೆ ಶುರುವಾಯಿತು.